ಡೋಲಿನ ಮೇಲೆ ಬೊಲುಂಬುವಿನ ಹೆಸರು

ಇಸಂಗಿ, ಕಾಂಗೋ ನದಿ
ಮಾರ್ಚ್ 3, 1938

ತಂತಿ ಕಚೇರಿಯ ಬೀಗ ತೆಗೆದೆ, ಮತ್ತೆ ಹಾಕಿದೆ. ಯಂತ್ರದ ಗಾಜಿನ ವಾಲ್ವ್ ಸುಟ್ಟು ವಾರವಾಯಿತು. ಹೊಸದು ಸ್ಟೀಮರಿನಲ್ಲಿ ಬರಬೇಕು. ಸ್ಟೀಮರ್ ಮರಳದಿಬ್ಬಕ್ಕೆ ಸಿಕ್ಕಿ ಕೂತಿದೆ. ಯಂತ್ರಕ್ಕೆ ಮೌನ, ನನಗೆ ಧ್ಯಾನ. ಬೇರೆ ದಿನವಾಗಿದ್ದರೆ ಹಬ್ಬ. ಆದರೆ ಮಗಳು ಬೊಲುಂಬು ಹೆರಿಗೆಗೆ ಲೋಮಾಮಿ ಹೊಳೆಯ ಮೇಲಕ್ಕೆ, ಅವಳಮ್ಮನ ತವರಿಗೆ ಹೋಗಿದ್ದಾಳೆ. ಚೊಚ್ಚಲು. ನೋವು ಶುರುವಾಗಿದೆ ಎಂದು ನಿನ್ನೆ ಬಂದ ಮೀನುಗಾರ ಹೇಳಿದ. ಮುಂದಿನದು ಅವನಿಗೂ ಗೊತ್ತಿಲ್ಲ. ಹರಿವಿಗೆ ಎದುರಾಗಿ ದೋಣಿಯಲ್ಲಿ ಹೊರಟರೆ ನಾನು ಸೇರುವಷ್ಟರಲ್ಲಿ ಮಗು ನಡೆದಾಡುತ್ತಿರುತ್ತದೆ.

ಸಂಜೆ

ಲಿಟುಂಬಾ ಮಾವನ ಅಂಗಳಕ್ಕೆ ಹೋದೆ. ಊರಿಂದೂರಿಗೆ ಸುದ್ದಿ ದಾಟಿಸುವ ಡೋಲು ಅವನ ಕೈಯಲ್ಲಿದೆ—ಒಡಲು ಕೊರೆದ ಕೆಂಪು ಮರ, ಸೀಳಿನ ಒಂದು ತುಟಿಗೆ ಗಂಡು ದನಿ, ಇನ್ನೊಂದಕ್ಕೆ ಹೆಣ್ಣು ದನಿ. ಮಿಷನ್ ಶಾಲೆ ಸೇರಿದ ಮೇಲೆ ನನಗೆ ಅದರ ಭಾಷೆ ಮರೆತೇಹೋಯಿತು.

"ಏನು, ತಂತಿ ಸಾಹೇಬ್ರು ಈ ಕಡೆ? ಪೆಟ್ಟಿಗೆಗೆ ಜ್ವರಾನಾ?"

"ಮಾವ, ಒಂದೇ ಮಾತು ಬಾರ್ಸು. 'ಬೊಲುಂಬು ಹೇಗಿದ್ದಾಳೆ?' ಅಷ್ಟೇ."

"ಅಷ್ಟೇ ಬಾರ್ಸಿದ್ರೆ ಯಾರಿಗೂ ತಿಳಿಯಲ್ಲ ಮಗಾ."

"ತಿಳಿಯತ್ತೆ. ಹೆಸ್ರಿಗೆ ಬಿರುದುಗಳ ಉದ್ದ ಬಾಲ ಯಾಕೆ?"

ತಂತಿಗೆ ಹೊಂದುವಂತೆ ಜನರ ಮಾತು ಕತ್ತರಿಸಿಯೇ ಅನ್ನ ಉಂಡವನು ನಾನು. ಕಡಿದಷ್ಟೂ ಹಿತ, ಬಡಿದಷ್ಟೂ ಅಹಿತ. ಮಾವ ಮೂತಿ ತಿರುಗಿಸಿ, ಹೇಳಿದಷ್ಟೇ ಬಾರಿಸಿದ.

ಮಾರ್ಚ್ 5

ಉತ್ತರವಿಲ್ಲ. ನಿನ್ನೆ ಬರೆಯಲು ಕೈ ಬರಲಿಲ್ಲ. ಹೊಗೆ ಹಾಕಿದ ಮೀನು ತಟ್ಟೆಯಲ್ಲೇ ಉಳಿಯಿತು.

ಬೆಳಗ್ಗೆ ಪಕ್ಕದೂರಿನವರು ಬಂದರು. ಯಾವುದೋ ಮಗು ಡೋಲಿನ ಜೊತೆ ಆಡುತ್ತಿದೆ ಎಂದುಕೊಂಡು ಸುದ್ದಿಯನ್ನು ಮುಂದಿನೂರಿಗೆ ದಾಟಿಸಲೇ ಇಲ್ಲವಂತೆ!

ಮಾವ ತೊಡೆ ತಟ್ಟಿಕೊಂಡು ನಕ್ಕ. "ನಲವತ್ತೈದರ ಮಗು!"

"ತಪ್ಪಾಯ್ತು. ಬಾಲ ಸಮೇತ ಬಾರ್ಸು."

"ಬಾಲ ಅಲ್ವೋ, ಬೆನ್ನುಮೂಳೆ. ಇದಕ್ಕಿರೋದು ಎರಡೇ ದನಿ. ಚಂದ್ರ ಅಂದ್ರೂ ಅದೇ ಬಡಿತ, ಕೋಳಿ ಅಂದ್ರೂ ಅದೇ ಬಡಿತ. ಯಾವ್ದು ಅಂತ ಹಿಂದೆಮುಂದೆ ಹೇಳ್ಬೇಡ್ವಾ?"

ಬಾರಿಸಿದ, ಒಂದೊಂದು ಸಾಲನ್ನೂ ಬಾಯಲ್ಲಿ ಹೇಳುತ್ತ. ನನ್ನ ಮಗಳಿಗೆ ಇಷ್ಟು ದೊಡ್ಡ ಹೆಸರಿದೆಯೆಂದು ನನಗೇ ಗೊತ್ತಿರಲಿಲ್ಲ. ಮೊಸಳೆಗೆ ಹೆದರದೆ ನೀರು ತರುವವಳು, ಎರಡು ಹೊಳೆ ಕೂಡುವ ಊರಿನವಳು, ಮಾತು ಕೊಯ್ಯುವವನ ಮಗಳು...

"ಮಾತು ಕೊಯ್ಯೋನು ಯಾರು?"

"ನೀನೇ. ಹೊಳೆ ಉದ್ದಕ್ಕೂ ಹಾಗೇ ಕರೀತಾರೆ. ಇದುವರೆಗೂ ಕೇಳ್ಸಿಲ್ವಾ?"

ಸಂಜೆ, ಮಾವನ ಅಂಗಳ

ಇಲ್ಲೇ ಕೂತು ಬರೆಯುತ್ತಿದ್ದೇನೆ. ನೀರಿನ ಮೇಲಿಂದ ಡೋಲಿನ ದನಿ ಬರುತ್ತಿದೆ. ಮಾವನ ಕೈ ಎತ್ತಿದ್ದು ಎತ್ತಿದ ಹಾಗೆಯೇ ಇದೆ.

"ಏನಂತೆ?"

"ತಡಿಯೋ. ಇನ್ನೂ ನಿನ್ನ ಹೆಸ್ರೇ ಮುಗಿದಿಲ್ಲ."

"ಬದುಕಿದ್ದಾಳಾ ಮಾವ?"

ಮಾವ ಹೊಳೆಯ ಕಡೆ ಕಿವಿಗೊಟ್ಟ. ಕೇಳುತ್ತಲೇ ಇದ್ದ... ಆಮೇಲೆ ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಎದ್ದು ಕೂತಿದ್ದಾಳೆ. ಗಂಜಿ ಬೇಡ, ಮೀನು ಕೊಡಿ ಅಂತ ಜಗಳ ತೆಗ್ದಿದ್ದಾಳಂತೆ."

"ಮಗು?"

"ಶ್... ಅದೇ ಬರ್ತಿದೆ."

ಮಗುವಿನ ಹೊಸ ಹೆಸರು. ಹೊಳೆಯ ಮೇಲೆ ಇದೇ ಮೊದಲು. ಮಾವ ಸಾಲು ಸಾಲಾಗಿ ಹೇಳುತ್ತಿದ್ದಾನೆ. ಮುಗಿಯುವ ಹಾಗೆ ಕಾಣುವುದಿಲ್ಲ. ನಾನು ಬರೆದುಕೊಳ್ಳುತ್ತಿದ್ದೇನೆ, ಒಂದು ಪದವನ್ನೂ ಬಿಡಬಾರದು... ಮಳೆ ನಿಂತ ಬೆಳಗ್ಗೆ ಬಂದವಳು, ಅತ್ತು ಊರನ್ನೆಲ್ಲ ಎಬ್ಬಿಸಿದವಳು, ಮುಷ್ಟಿ ಬಿಚ್ಚದೆ—