ಅಟ್ಟ ಸೇರಿದ ಷೇರು

ಮಾಯಸಂದ್ರ, ೧೬-೯-೧೯೯೭, ಮಂಗಳವಾರ

ಗಣಿ ಕಂಪನಿಯ ಕಾಗದ ಮತ್ತೆ ಬಂದಿದೆ. ಬೆಟ್ಟದಲ್ಲಿ ಇನ್ನೆರಡು ಕಡೆ ಕೊರೆದು ನೋಡಬೇಕಂತೆ. ತಾಮ್ರದ ಸುಳಿವಿದೆಯಂತೆ, ಚಿನ್ನವೂ ಇರಬಹುದಂತೆ, ಷೇರುದಾರರು ತಾಳ್ಮೆಯಿಂದಿರಬೇಕಂತೆ. ನಾಲ್ಕು ವರ್ಷದಿಂದ ಈ ‘ಅಂತೆ’ಗಳನ್ನು ಓದಿ ಓದಿ ಸಾಕಾಗಿದೆ.

ನನ್ನ ಜೊತೆಗೇ ಷೇರು ಕೊಂಡಿದ್ದ ಪರಮೇಶ್ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. “ನಾನು ಮಾರ್ಬುಟ್ಟೆ ಕಣಪ್ಪ. ತಗಳ್ಳೋರು ನಾಳೆ ಗಂಟ ತಿಪಟೂರಲ್ಲಿರ್ತಾರೆ. ನೀನೂ ಕೊಟ್ಬುಡು,” ಅಂದ. ದಿನವಿಡೀ ಅದೇ ಮಾತು ಕೊರೆಯಿತು.

ಸಂಜೆ ನನ್ನವಳು ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಹೋದ ವರ್ಷ ಹಾಕಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಂದರಲ್ಲಿ ನೀರು ಕುಲುಕಿತು. ಇನ್ನೊಂದರಲ್ಲಿ ಒಣಗಿದ ಕೊಬ್ಬರಿ ಲೊಟಲೊಟ ಅಂದಿತು. ಮೂರನೆಯದರಲ್ಲಿ ಸದ್ದೇ ಇಲ್ಲ.

“ಇದೇನು, ಕೆಟ್ಟೋಗೈತಾ?” ಅಂದೆ.

“ಇಲ್ಲ ಕಣ್ರೀ. ನೀರು ಬತ್ತೈತೆ, ಕೊಬ್ರಿ ಇನ್ನೂ ಚಿಪ್ಪು ಬುಟ್ಟಿಲ್ಲ. ಈಗ ಒಡುದ್ರೆ ಹಾಳಾಯ್ತದೆ.”

ಏನನ್ನಿಸಿತೋ, ಷೇರಿನ ಲಕೋಟೆ ತಂದು ನಾನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅವಳು ನಕ್ಕುಬಿಟ್ಟಳು. “ಅದೂ ಸುಮ್ನೈತಾ? ಹಂಗಾದ್ರೆ ಇಲ್ಲೇ ಮಡುಗ್ರಿ.”

ಕಾಯಿಗಳ ಸಂದಿಯಲ್ಲಿಟ್ಟು ಇಳಿದು ಬಂದೆ. ನಾಳೆ ತಿಪಟೂರಿಗೆ ಹೋಗುವುದಿಲ್ಲ. ಕಣ್ಣು ಮುಚ್ಚಿದರೆ, ನಾನು ಎಂದೂ ನೋಡದ ಆ ಬೆಟ್ಟ ನಮ್ಮ ಅಟ್ಟದ ಮೇಲೇ ಒಣಗುತ್ತಿದೆ. ಅದರೊಳಗೆ ಕೆಂಪಗೆ ಹೊಳೆಯುವುದೇನೋ ಕಲ್ಲಿನಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಿದೆ.

ಕಾಯಿಯೊಳಗೆ ಕೊಬ್ಬರಿಯಾಗುವುದನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಆದರೆ ಆ ಬೆಟ್ಟದೊಳಗಿನ ಚಿನ್ನವನ್ನು ಕಂಡವರು ಯಾರು?