ಒಗೆಯಲು ಕೊಡದ ಅಂಗಿ

ಸೇಡಂ
೧೮ ಮೇ ೨೦೨೫

ಪ್ರೀತಿಯ ಸುಶ್ಮಿತಾ,

ಚಿತ್ತಾಪುರದಲ್ಲಿ ನೀನೂ ಸಾಬಮ್ಮತ್ತೆಯೂ ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಸಂಕ್ರಾಂತಿಗೆ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಫೋನೂ ಎತ್ತುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀ ಎಂಬ ಆಸೆ.

ಮೊದಲು ಸುದ್ದಿ. ನನ್ನ ಕಂಕುಳ ಬೆವರು ನಿಂತಿದೆ! ನಿನಗೂ ಹೇಳದೆ ಮುಚ್ಚಿಟ್ಟ ಕಾಯಿಲೆ ಅದು. ಚಳಿಗಾಲದಲ್ಲೂ ಅಂಗಿ ಸೊಂಟದವರೆಗೆ ತೊಯ್ಯುತ್ತಿತ್ತು. ಕೈ ಎತ್ತಿದರೆ ಮಕ್ಕಳು ಮೂಗು ಮುಚ್ಚಿಕೊಂಡಾರೆಂದು ಬೋರ್ಡಿನ ಕೆಳಗಿನ ಅರ್ಧದಲ್ಲೇ ಪಾಠ ಮುಗಿಸುತ್ತಿದ್ದೆ. ಮನೆಯಲ್ಲಿ ನಿನ್ನಿಂದ ಮಾರು ದೂರ ಕೂರುತ್ತಿದ್ದೆ. ಕಲಬುರಗಿಯ ಚರ್ಮದ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಲೇಸರ್ ಕಾವಿನಿಂದ ಬೆವರಿನ ಗ್ರಂಥಿಗಳನ್ನು ಸುಟ್ಟರು. "ಇಷ್ಟ ದಿನ ಯಾಕ ಸುಮ್ಕ ಇದ್ರಿ ಸರ್?" ಎಂದರು. ನಾಚಿಕೆ, ಇನ್ನೇನು! ಆಮೇಲೆ ಕೆಲವು ದಿನ ತೋಳು ಇಳಿಬಿಡಲಾಗದೆ ಜಟ್ಟಿಯ ಹಾಗೆ ಓಡಾಡಿದೆ. ಅಂಗಿ ತೊಡಿಸುವವರಿಲ್ಲದೆ ಒಬ್ಬನೇ ಒದ್ದಾಡಿದೆ.

ವಾಸಿಯಾದ ಖುಷಿಗೆ, ಒದ್ದೆ ಕಾಣದಿರಲೆಂದು ತೊಡುತ್ತಿದ್ದ, ಬೆವರಿನ ಉಪ್ಪುಕಲೆ ಹಿಡಿದ ಹಳೆಯ ಕರಿ ಅಂಗಿಗಳನ್ನೆಲ್ಲ ನೀರೊಲೆಗೆ ಹಾಕಿದೆ. ಆಕಾಶನೀಲಿ ಅಂಗಿ ತೊಟ್ಟು ಹೊರಟರೆ ಜೊತೆಯ ಮಾಸ್ತರ ದೇವೀಂದ್ರಪ್ಪ, "ಏನೋ ಸಂಗಮೇಶ, ಕರೀ ಅಂಗಿ ಬಿಟ್ಟಿಯಲ್ಲ! ಯಾರಿಗಿ ತೋರ್ಸಾಕತ್ತಿ?" ಎಂದು ಚುಡಾಯಿಸಿದ. ನಕ್ಕೆ. ಮನೆಗೆ ಬಂದರೆ ತೋರಿಸಲು ಯಾರೂ ಇರಲಿಲ್ಲ. ಭಾಳ ಒಂಟಿ ಅನ್ನಿಸಿತು.

ನಾನು ಬಾಯಿ ಬಿಡದಿದ್ದರೂ ವಾಸನೆ ಸುಮ್ಮನಿರುತ್ತದೆಯೇ, ಅದಕ್ಕೇ ಹೇಸಿ ಹೋದಳು ಎಂದುಕೊಂಡಿದ್ದೆ. ಇನ್ನು ಬಂದೇ ಬರುತ್ತೀ ಎಂಬ ಧೈರ್ಯದಲ್ಲಿ ಹೋದ ಭಾನುವಾರ ಕರೆಯಲು ಬಂದೆ. ನೀನು ಒಳಗೇ ಉಳಿದೆ. ಅತ್ತೆ ಬಾಗಿಲಲ್ಲೇ ನೀರು ಕೊಟ್ಟು ಮಾತಾಡಿ ಕಳಿಸಿದರು. ನಿನ್ನ ಬಳೆಯ ಸಪ್ಪಳ ಮಾತ್ರ ಕೇಳಿಸಿಕೊಂಡು ರೈಲು ಹತ್ತಿದೆ.

ಬಿಸಿಲು ಜೋರಿದೆ, ಮಧ್ಯಾಹ್ನ ಹೊಳೆಗೆ ಹೋಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮ ಬಸವಣ್ಣನೂ ನಿಮ್ಮ ಗಂಗಮ್ಮನೂ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ಸಂಗಮೇಶ್ವರ

ತಾ.ಕ.: ಅತ್ತೆ ಬಾಗಿಲಲ್ಲಿ ಆಡಿದ ಮಾತು ಬರೆಯಲು ಇಷ್ಟು ಹೊತ್ತು ಕೈ ಬರಲಿಲ್ಲ. "ಮನ್ಯಾಗ ಹೆಂಡ್ತಿ ಇದ್ದೂ ನಿಮ್ಮ ಅಂಗಿ ನೀವೇ ಒಕ್ಕೊಂತಿದ್ರಿ. ನನ್ನ ಮಗಳು ಒಗಿಲಿಕ್ಕ ತಗೊಂಡ್ರ ಕಸಗೊಂಡ್ರಿ. ಲಿಂಗಾಯತರ ಅಂಗಿಗಿ ಮೀನ ತಿಂದ ಕೈ ಹತ್ತಬಾರದೇನ್ರಿ?" ಸುಶ್ಮಿತಾ, ಇಡೀ ಮನೆಯನ್ನು ಎದುರು ಹಾಕಿಕೊಂಡು ನಿನ್ನ ಕೈ ಹಿಡಿದವನು ನಾನು. ಆ ನಾತ ನಿನ್ನ ಕೈಗೆ ಹತ್ತಬಾರದೆಂದು ಕಸಿದುಕೊಂಡೆ, ಆಣೆಯಾಗಿಯೂ ಅಷ್ಟೇ. ತಂದು ನಿನ್ನ ಮುಂದೆ ಹಾಸಿ ತೋರಿಸಲು ಕಲೆ ಹಿಡಿದ ಅಂಗಿ ಒಂದಾದರೂ ಇರಬೇಕಿತ್ತು. ಎಲ್ಲವನ್ನೂ ಸುಟ್ಟುಬಿಟ್ಟೆನಲ್ಲ.