ಏಳು ಅಮ್ಮಂದಿರಲ್ಲಿ ಅಸಲಿ ಯಾರು

ಮಯೂರ್ ವಿಹಾರ್, ದೆಹಲಿ
ಬುಧವಾರ, 12 ನವೆಂಬರ್ 2025

ಪ್ರೀತಿಯ ಶ್ರೀಲಕ್ಷ್ಮಿಗೆ ಅಪ್ಪ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಐಜ್ವಾಲ್‌ನಲ್ಲಿ ಚಳಿ ಶುರುವಾಗಿರಬೇಕು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ಆಫೀಸಿನಲ್ಲಿ ಎರಡು ಟೀ ಮುಗಿದ ಮೇಲೆ ನೆನಪಾಗಿ ನುಂಗುತ್ತಿದ್ದೀಯೋ? ಫೋನಿನಲ್ಲಿ ಕೇಳಿದರೆ ‘ತಗೋತಿದೀನಪ್ಪ’ ಅನ್ನುತ್ತೀಯ. ಆ ಉತ್ತರ ಬರುವ ವೇಗಕ್ಕೇ ನನಗೆ ನಂಬಿಕೆ ಹುಟ್ಟುವುದಿಲ್ಲ. ನಿನ್ನ ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಕೆಮ್ಮು ಈ ಊರಿನ ಹೊಗೆ ಇಳಿಯುವವರೆಗೆ ಇಳಿಯುವುದಿಲ್ಲ. ಅಳಿಯಂದಿರು ಬೆಳಗ್ಗೆ ಏಳೂವರೆಗೆ ಗ್ರೇಟರ್ ನೋಯ್ಡಾಕ್ಕೆ ಕಾರು ಹತ್ತಿದರೆ ವಾಪಸ್ಸು ಬರುವಾಗ ಹರಿಣಿ ಹಾಸಿಗೆ ಹಾಸುತ್ತಿರುತ್ತಾಳೆ. ಅವರನ್ನು ನಾನು ದೂರುತ್ತಿಲ್ಲ, ಆ ರಸ್ತೆಯೇ ಅಂಥದ್ದು. ಫೋನು ಬಿಟ್ಟು ಕಾಗದ ಏಕೆ ಅಂತ ನಿನಗೆ ಅನ್ನಿಸುತ್ತಿರಬಹುದು. ನನ್ನ ಫೋನಿನ ಪಾಸ್‌ವರ್ಡ್ ಹಾಕಿಕೊಟ್ಟವಳು ನಿನ್ನ ಮಗಳು ಹರಿಣಿ, ನನ್ನ ಮೆಸೇಜುಗಳನ್ನು ಟೈಪ್ ಮಾಡುವವಳೂ ಅವಳೇ. ವಿಷಯ ಅವಳದೇ ಆದಾಗ ಸ್ಪೀಡ್ ಪೋಸ್ಟೇ ಕ್ಷೇಮ.

ಹೊಗೆಯಿಂದಾಗಿ ಮಕ್ಕಳನ್ನು ಕೆಳಗೆ ಆಡಲು ಬಿಡುತ್ತಿಲ್ಲ. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ಪಕ್ಕದ ಬ್ಲಾಕಿನ ಸಿಂಧೂರ ನಮ್ಮ ಮನೆಗೆ ಬರುತ್ತಾಳೆ, ಹರಿಣಿಯ ಕ್ಲಾಸಿನವಳೇ, ಅವಳ ಅಪ್ಪ ಅಮ್ಮನೂ ಮೈಸೂರು ಕಡೆಯವರು. ಇಬ್ಬರೂ ಕೂತು ಬಾಹ್ಯಾಕಾಶದ ಒಂದು ಕಾರ್ಟೂನ್ ನೋಡುತ್ತಾರೆ. ದೊಡ್ಡವರೂ ನೋಡುವಂಥ ತಮಾಷೆಯದು, ಅದಕ್ಕೇ ನಾನೂ ಕೂತೆ. ಮೂರು ವಾರದ ಹಿಂದಿನ ಕಂತಿನಲ್ಲಿ ಒಬ್ಬಳು ವಿಜ್ಞಾನಿ ಅಮ್ಮ. ಅವಳಿಗೆ ಪುರುಸೊತ್ತಿಲ್ಲ, ಮನೆಯ ಊಟಕ್ಕೆ ಹೋಗಲು ತನ್ನದೇ ಒಂದು ತದ್ರೂಪಿಯನ್ನು ಜಾಡಿಯಲ್ಲಿ ಬೆಳೆಸಿ ಕಳಿಸುತ್ತಾಳೆ. ಆ ತದ್ರೂಪಿಗೂ ಬೇಸರ ಬಂದು ಅದು ಇನ್ನೊಂದನ್ನು ಮಾಡುತ್ತದೆ. ಕೊನೆಗೆ ಒಂದೇ ಮನೆಯಲ್ಲಿ ಏಳು ಜನ ಅಮ್ಮಂದಿರು, ಒಂದೇ ಬಾತ್‌ರೂಮಿಗೆ ಕ್ಯೂ. ನಿನ್ನ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಡೆಯಲ್ಲಿ ಆರು ಜನ ಹೋಗುತ್ತಾರೆ, ಒಬ್ಬಳು ಉಳಿಯುತ್ತಾಳೆ. ಉಳಿದವಳು ಅಸಲಿಯೋ ನಕಲಿಯೋ ಹೇಳದೆ ಮುಗಿಸಿಬಿಟ್ಟರು. ಸಿಂಧೂರ ನಕ್ಕಳು. ಹರಿಣಿ ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದೆ.

ಈಗಿನವರಿಗೆ ನೋಡಿ ಮುಗಿಸಿದರೆ ಸಾಲದು, ನೋಡಿದ್ದರ ಮೇಲೆ ಜಗಳವೂ ಆಗಬೇಕು. ಆ ಕಂತಿನ ಕೆಳಗೆ ಸಾವಿರಕ್ಕೂ ಹೆಚ್ಚು ಜನ ಬರೆದಿದ್ದಾರೆ. ಹರಿಣಿ ಸ್ಕೂಲಿಗೆ ಹೋದಾಗ ಅವಳ ಟ್ಯಾಬ್ ತೆಗೆದುಕೊಂಡು ಎರಡು ದಿನ ಕೂತು ಓದಿದೆ. ಒಬ್ಬ ಮಹಾಶಯ, ಅಸಲಿ ಅಮ್ಮ ಎಡಗೈಯಲ್ಲಿ ಚಮಚ ಹಿಡಿಯುತ್ತಾಳೆ, ಕೊನೆಯವಳು ಬಲಗೈಯಲ್ಲಿ ಹಿಡಿದಿದ್ದಾಳೆ, ಆದ್ದರಿಂದ ನಕಲಿ ಅಂತ ಇಷ್ಟುದ್ದ ವಾದ ಮಾಡಿದ್ದಾನೆ. ಇನ್ನೊಬ್ಬಳು, ಚಿತ್ರ ಬರೆದವರ ತಪ್ಪನ್ನು ಸಾಕ್ಷಿ ಅಂತ ಹಿಡಿಯಬೇಡಿ ಎಂದು ಅವನ ಮೇಲೆ ಬಿದ್ದಿದ್ದಾಳೆ. ಗಂಡನಿಗೆ ಮೊದಲಿಂದಲೂ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ ಅನ್ನುವುದು ಮತ್ತೊಂದು ಗುಂಪು. ನಕಲಿಯೇ ವಾಸಿ, ಮಗು ಹೇಳಿದ್ದನ್ನು ಕೂತು ಕೇಳುತ್ತಾಳಲ್ಲ ಅಂತ ಒಬ್ಬ ಬರೆದಿದ್ದಕ್ಕೆ ನಾನೂರು ಮೆಚ್ಚುಗೆ ಬಿದ್ದಿದೆ. ಆ ನಾನೂರು ಜನ ಯಾರು, ಅವರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಯೋಚನೆ ಬಂತು. ‘ರಿಟೈರಾಗಿ ಹದಿನಾಲ್ಕು ವರ್ಷ ಆಯ್ತು, ಇನ್ನೂ ಆ ವಿಜಿಲೆನ್ಸ್ ತನಿಖೆ ಬಿಡ್ಲಿಲ್ಲ ನೀವು’ ಎಂದು ನಿನ್ನ ಅಮ್ಮ ಟ್ಯಾಬ್ ಕಿತ್ತುಕೊಳ್ಳಲು ಬಂದಳು. ಅಷ್ಟರಲ್ಲಿ ನನ್ನ ಕಣ್ಣಿಗೆ ಅದು ಬಿತ್ತು.

ಹೆಸರಿನ ಜಾಗದಲ್ಲಿ ಯಾವುದೋ ಬೆಕ್ಕಿನ ಚಿತ್ರ, ಪಕ್ಕದಲ್ಲಿ ಅಂಕೆಗಳು. ಬರೆದದ್ದು ಇಂಗ್ಲಿಷಿನಲ್ಲಿ. ಅರ್ಥ ಇಷ್ಟು: ನಮ್ಮ ತಾತ ಅಲ್ಲಿದ್ದಿದ್ದರೆ ಏಳೂ ಜನರ ಹತ್ತಿರ ಮೂರು ಮೂರು ಮಾದರಿ ಸಹಿ ಹಾಕಿಸಿ, ಕನ್ನಡಕ ಹಾಕಿಕೊಂಡು ಹೋಲಿಸಿ ನೋಡುತ್ತಿದ್ದರು. ದೆಹಲಿಯಲ್ಲಿ ಮೊಮ್ಮಗಳ ರಿಪೋರ್ಟ್ ಕಾರ್ಡಿನ ಮೇಲಿರುವ ಟೀಚರ್ ಸಹಿಯನ್ನು ಹಿಂದಿನ ವರ್ಷದ ಸಹಿಯ ಪಕ್ಕದಲ್ಲಿಟ್ಟು ನೋಡುವ ತಾತ ಎಷ್ಟು ಜನ ಇದ್ದಾರು? ಇವಳು ನಮ್ಮವಳೇ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಳಗಿದ್ದದ್ದನ್ನು ಓದಿದೆ. ‘ನನ್ನ ಮಮ್ಮಾ ಆಗಲೇ ಕ್ಲೋನ್. ಭಾನುವಾರ ಹನ್ನೊಂದು ಗಂಟೆಗೆ ಫೋನು. ನಾಲ್ಕು ಪ್ರಶ್ನೆ, ಅದೇ ಆರ್ಡರಿನಲ್ಲಿ. ಊಟ ಮಾಡಿದ್ಯಾ, ಹೋಮ್‌ವರ್ಕ್ ಆಯ್ತಾ, ತಾತನ್ನ ಸತಾಯಿಸ್ತಿಲ್ಲ ತಾನೆ, ಕೂದಲಿಗೆ ಎಣ್ಣೆ ಹಾಕ್ಕೊಂಡ್ಯಾ.’ ಯಾರೋ ಅಪರಿಚಿತ ಅವಳಿಗೆ, ಉತ್ತರ ಬದಲಿಸಿ ನೋಡು ಅಂತ ಸಲಹೆ ಕೊಟ್ಟಿದ್ದಾನೆ. ಮುಂದಿನ ವಾರ ಅವಳು ಬರೆದಿದ್ದಾಳೆ: ‘ಇವತ್ತು ಹಾಗಲಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡೆ ಅಂದೆ. ಮಮ್ಮಾ ವೆರಿ ಗುಡ್ ಅಂದಳು.’ ಅದರ ಮುಂದಿನ ವಾರ: ‘ನಾನು ಕೂದಲು ಪೂರಾ ಕತ್ತರಿಸಿಕೊಂಡೆ ಅಂದೆ. ಎಣ್ಣೆ ಹಾಕ್ಕೋ ಅಂದಳು.’

ಶ್ರೀಲಕ್ಷ್ಮಿ, ಹಾಗಲಕಾಯಿಯ ವಾಸನೆಗೇ ಅವಳು ಬಾಲ್ಕನಿಗೆ ಓಡುತ್ತಾಳೆ ಅನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನ ಕಷ್ಟ ನನಗೆ ತಿಳಿಯದ್ದಲ್ಲ. ಅಲ್ಲಿ ವೀಡಿಯೋ ನಿಲ್ಲುವುದಿಲ್ಲ, ಬರೀ ಧ್ವನಿ, ಅದೂ ಕಡಿದು ಕಡಿದು. ಭಾನುವಾರವೂ ನಿನ್ನ ಮುಂದೆ ಕಡತ ತೆರೆದಿರುತ್ತದೆ ಎನ್ನುವುದು ಹಾಳೆ ತಿರುಗಿಸುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ನಾನೂ ಹಾಗೇ ಇದ್ದೆ. ನೀನು ಐದನೇ ಕ್ಲಾಸಿನಲ್ಲಿದ್ದಾಗ ಯಾವ ಸೆಕ್ಷನ್ ಅಂತ ಯಾರೋ ಕೇಳಿದಾಗ ನಿನ್ನ ಅಮ್ಮನ ಮುಖ ನೋಡಿದ್ದೆ. ಆದರೆ ನಾನು ಸಂಜೆ ಮನೆಗೆ ಬರುತ್ತಿದ್ದೆ, ಮುಖವನ್ನಾದರೂ ತೋರಿಸುತ್ತಿದ್ದೆ. ಕಳೆದ ಶನಿವಾರ ನಿನ್ನ ಮಗಳು ಬರೆದದ್ದು ಒಂದೇ ಸಾಲು, ‘ನಾಳೆ ಕೊನೆಯ ಟೆಸ್ಟ್.’ ಆಮೇಲೆ ಏನೂ ಬರೆದಿಲ್ಲ. ಏನಾಯಿತು ಅಂತ ಐದಾರು ಜನ ಕೇಳಿದ್ದಾರೆ. ಆ ಭಾನುವಾರ ಫೋನು ಬಂದಾಗ ನಾನು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ. ರೂಮಿನಿಂದ ‘ಹಾಂ ಮಮ್ಮಾ, ಆಯ್ತು, ಓಕೆ’ ಎಂದು ಎಂದಿನಂತೆಯೇ ಕೇಳಿಸುತ್ತಿತ್ತು. ವಿಶೇಷವೇನೂ ನಡೆಯಲಿಲ್ಲ. ಏನೂ ನಡೆಯದಿರುವುದೇ ನನಗೆ ಅನುಮಾನ ತಂದಿದೆ. ಅವಳನ್ನು ನೇರವಾಗಿ ಕೇಳಿದರೆ ಟ್ಯಾಬ್ ನೋಡಿದ್ದು ಗೊತ್ತಾಗುತ್ತದೆ, ಅದಕ್ಕೆ ಸುಮ್ಮನಿದ್ದೇನೆ.

ಇನ್ನೊಂದು ಅನುಮಾನ ನಿನ್ನ ಮೇಲೇ. ದೀಪಾವಳಿಗೆ ರಜೆ ಸಿಗಲಿಲ್ಲ ಅಂದೆ. ರಜೆ ಕೊಡದಿದ್ದರೆ ಕಾರಣ ಬರೆದ ಒಂದು ಕಾಗದ ಇರುತ್ತದೆ. ಅರ್ಜಿಯೇ ಹಾಕದವರ ಹತ್ತಿರ ಮಾತ್ರ ಆ ಕಾಗದ ಇರುವುದಿಲ್ಲ. ವರ್ಗವಾಗಿ ಮಿಜೋರಾಮಿಗೆ ಹೋದ ಹದಿನಾಲ್ಕು ತಿಂಗಳಲ್ಲಿ ಒಂದೇ ಸಲ ಬಂದಿದ್ದೀಯ, ಅದೂ ಮೀಟಿಂಗಿಗೆ ಬಂದವಳು ಎರಡು ರಾತ್ರಿ ಇದ್ದು ಹೋದೆ. ಬಂದರೆ ವಾಪಸ್ಸು ಹೊರಡುವಾಗ ಮಗು ಅಳುತ್ತಾಳೆ, ಅದನ್ನು ನೋಡಲಾರೆ ಅಂತ ನೀನು ಬರುತ್ತಿಲ್ಲವೇನೋ ಅನ್ನಿಸುತ್ತದೆ. ನನ್ನ ಅನುಮಾನ ತಪ್ಪಾದರೆ ಸಂತೋಷ. ಸದ್ಯಕ್ಕೆ ಈ ಭಾನುವಾರ ಆ ನಾಲ್ಕು ಪ್ರಶ್ನೆ ಬಿಟ್ಟು ಬೇರೆ ಏನಾದರೂ ಕೇಳು. ಸಿಟ್ಟು ಬರುವಂಥದ್ದನ್ನೇ ಕೇಳು, ಅವಳು ಜಗಳವಾಡಲಿ. ಟ್ಯಾಬ್ ವಿಷಯ ನಾನು ಹೇಳಿದೆ ಅಂತ ಮಾತ್ರ ಬಾಯಿ ಬಿಡಬೇಡ, ಈ ಮನೆಯಲ್ಲಿ ನಾನು ಅವಳ ಜೊತೆಯೇ ಇರಬೇಕು.

ಮೈ ಬೆಚ್ಚಗಿಟ್ಟುಕೋ, ಮಾತ್ರೆ ಮರೆಯಬೇಡ. ಅಮ್ಮ ನಿನಗೆ ಚಟ್ನಿಪುಡಿ ಮಾಡಿ ಬೇರೆ ಕಳಿಸುತ್ತಾಳಂತೆ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ
ದಕ್ಷಿಣಾಮೂರ್ತಿ

ಮರೆತ ಮಾತು: ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ. ಪೋಸ್ಟ್ ಆಫೀಸಿಗೆ ಹೊರಟಾಗ ಲಿಫ್ಟಿನಲ್ಲಿ ಸಿಂಧೂರ ಸಿಕ್ಕಳು. ಭಾನುವಾರ ಎಲ್ಲಿದ್ದೆ ಎಂದು ಸುಮ್ಮನೆ ಕೇಳಿದೆ, ಹುಡುಗಿ ಅಳುವುದಕ್ಕೇ ಶುರು ಮಾಡಿದಳು. ಕಳೆದ ಭಾನುವಾರ ನೀನು ಮಾತಾಡಿದ್ದು ಹರಿಣಿಯ ಜೊತೆ ಅಲ್ಲ, ಇವಳ ಜೊತೆ. ನಮ್ಮ ಮಕ್ಕಳಿಗೆ ಇಲ್ಲಿ ಉಳಿದಿರುವ ಕನ್ನಡವೇ ‘ಹಾಂ, ಆಯ್ತು, ಓಕೆ’. ಅಷ್ಟನ್ನು ಯಾರು ಹೇಳಿದರೂ ಒಂದೇ ಥರ ಕೇಳಿಸುತ್ತದೆ. ಹನ್ನೊಂದು ನಿಮಿಷ ಮಾತಾಡಿದ್ದೀಯ. ಕೊನೆಗೆ ‘ಲವ್ ಯೂ ಪುಟ್ಟಿ’ ಅಂದೆಯಂತೆ. ಅದಕ್ಕೆ ಏನು ಹೇಳಬೇಕೋ ತಿಳಿಯದೆ ಸಿಂಧೂರ ಫೋನನ್ನು ಹರಿಣಿಯ ಕೈಗೆ ಕೊಟ್ಟಳಂತೆ. ನಮ್ಮವಳು ಕಟ್ ಮಾಡಿ ಇಟ್ಟುಬಿಟ್ಟಳು. ಈಗ ಮನೆಗೆ ವಾಪಸ್ಸು ಬಂದು ಹರಿಣಿಯನ್ನು ಕೇಳಿದ್ದಕ್ಕೆ, ‘ತಾತಾ, ಮಮ್ಮಾಗೆ ಪತಾ ಹೀ ನಹೀ ಚಲಾ, ಗೊತ್ತೇ ಆಗಲಿಲ್ಲ’ ಎಂದು ನಗಲು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ನಿನ್ನನ್ನೇ ಬೈಯಲು ನನಗೆ ಬಾಯಿಲ್ಲ. ಹತ್ತು ಅಡಿ ದೂರದಲ್ಲಿ ಕೂತಿದ್ದ ನನಗೂ ಗೊತ್ತಾಗಲಿಲ್ಲ. ಈ ಭಾನುವಾರ ಫೋನ್ ಮಾಡಬೇಡ. ಅರ್ಜಿ ಬರೆದಿಟ್ಟು ಹೊರಟು ಬಾ.